ಡಿಸ್ಲೆಕ್ಸಿಯಾ ಇರುವ ಮಗುವಿಗೆ ದಾವಣಗೆರೆಯಲ್ಲಿ ಯಾವ ದಾರಿ? ಟ್ಯೂಷನ್, ಸ್ಪೆಷಲ್ ಎಜುಕೇಟರ್, ಮನೆಪಾಠ, ಶಾಲೆ ಬದಲಾವಣೆ: ಒಂದು ಹೋಲಿಕೆ

ನಮ್ಮೂರಿನಲ್ಲಿ ಮಗು ಓದಿನಲ್ಲಿ ಹಿಂದೆ ಬಿದ್ದರೆ ಮೊದಲು ಸಿಗುವ ಸಲಹೆ, ಟ್ಯೂಷನ್‌ಗೆ ಹಾಕಿ. ಅದರಿಂದ ಆಗಲಿಲ್ಲ ಅಂದರೆ ಟ್ಯೂಷನ್ ಬದಲಿಸಿ. ಅದೂ ಆಗಲಿಲ್ಲ ಅಂದರೆ ಶಾಲೆ ಬದಲಿಸಿ. ವಿದ್ಯಾನಗರ, ನಿಟುವಳ್ಳಿ, ಎಂಸಿಸಿ ಬ್ಲಾಕ್, ಎಲ್ಲಿ ಹೋದರೂ ಕೋಚಿಂಗ್ ಬೋರ್ಡು ಕಾಣುವ ಊರು ಇದು. ಹಾಗಾಗಿ ಸಲಹೆ ಕೊಡುವವರನ್ನು ತಪ್ಪು ಅನ್ನಲಾಗುವುದಿಲ್ಲ. ಆದರೆ ಮಗುವಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದರಲ್ಲೇ ತೊಡಕು, ಇದ್ದರೆ ಈ ಮೂರರಿಂದಲೂ ಮಗು ಓದಲು ಕಲಿಯದೇ ಇರಬಹುದು. ವರ್ಷಗಳು ಮಾತ್ರ ಕಳೆದುಹೋಗುತ್ತವೆ.

ನನ್ನ ಮಗಳು ಈಗ ಏಳನೇ ಕ್ಲಾಸು. ಅವಳಿಗೆ ಡಿಸ್ಲೆಕ್ಸಿಯಾ ಇದೆ ಅಂತ ಗೊತ್ತಾಗಿದ್ದು ಮೂರನೇ ಕ್ಲಾಸಿನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬೇರೆ ಬೇರೆ ದಾರಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಯಾವ ಆಯ್ಕೆ ಎದುರಿಗೆ ಬಂದರೂ ನಾನು ಅದನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ಇಲ್ಲಿ ಮಗುವಿಗೆ ಓದೋದನ್ನು ಕಲಿಸುತ್ತಾರಾ, ಇಲ್ಲ ಪಾಠ ಮುಗಿಸುತ್ತಾರಾ? ಎರಡೂ ಬೇಕು. ಆದರೆ ಎರಡೂ ಬೇರೆ ಬೇರೆ ಕೆಲಸ. ಒಂದಕ್ಕೆ ದುಡ್ಡು ಕೊಟ್ಟು ಇನ್ನೊಂದನ್ನು ನಿರೀಕ್ಷಿಸುವುದರಿಂದಲೇ ತುಂಬಾ ಮನೆಗಳಲ್ಲಿ ಸಂಕಟ ಶುರುವಾಗುತ್ತದೆ.

ತೊಂದರೆ ಎಲ್ಲಿದೆ ಅಂತ ಮೊದಲು

ಡಿಸ್ಲೆಕ್ಸಿಯಾ ಬುದ್ಧಿಯ ಕೊರತೆ ಅಲ್ಲ, ಸೋಮಾರಿತನವೂ ಅಲ್ಲ. ಮಾತಿನಲ್ಲಿರುವ ಸದ್ದುಗಳನ್ನು ಬಿಡಿಸಿ, ಅವನ್ನು ಅಕ್ಷರಗಳ ಜೊತೆ ಥಟ್ಟನೆ ಜೋಡಿಸುವ ಕೆಲಸ ಈ ಮಕ್ಕಳಿಗೆ ಕಷ್ಟ. ಹುಟ್ಟಿನಿಂದಲೇ ಬರುವಂಥದ್ದು, ಮನೆತನದಲ್ಲಿ ಹರಿದು ಬರುವುದೂ ಉಂಟು. ಎಷ್ಟೋ ಅಪ್ಪಂದಿರಿಗೆ ಮಗುವಿನ ಪರೀಕ್ಷೆ ಮಾಡಿಸುವಾಗಲೇ ತಮ್ಮ ಶಾಲೆಯ ದಿನಗಳು ಅರ್ಥವಾಗುತ್ತವೆ.

ಕನ್ನಡದಲ್ಲಿ ಇದು ಹೇಗೆ ಕಾಣುತ್ತದೆ ಅನ್ನುವುದಕ್ಕೆ ಪಕ್ಕದ ಜಿಲ್ಲೆ ಚಿತ್ರದುರ್ಗದ ಹೆಸರನ್ನೇ ನೋಡಿ. ‘ಚಿತ್ರ’ ಅನ್ನುವಾಗ ತಕಾರ ಮೊದಲು, ರಕಾರ ಆಮೇಲೆ. ರಕಾರ ಒತ್ತಾಗಿ ಕೆಳಗೆ ಬರುತ್ತದೆ. ‘ದುರ್ಗ’ ಅನ್ನುವಾಗ ಬಾಯಲ್ಲಿ ರಕಾರ ಮೊದಲು, ಗಕಾರ ಆಮೇಲೆ. ಆದರೆ ಬರೆಯುವಾಗ ಗ ಮೊದಲು ಬಂದು, ರಕಾರ ಅರ್ಕಾವತ್ತಾಗಿ ಹಿಂದೆ ಬರುತ್ತದೆ. ಒಂದೇ ಹೆಸರಿನಲ್ಲಿ ಒಂದೇ ಸದ್ದು ಎರಡು ರೂಪದಲ್ಲಿ, ಎರಡು ಕ್ರಮದಲ್ಲಿ. ನಮಗೆ ಇದು ಗಮನಕ್ಕೂ ಬರುವುದಿಲ್ಲ. ನನ್ನ ಮಗಳು ಮಾತ್ರ ಇದನ್ನು ತುಂಬಾ ದಿನ ‘ಚಿತ್ರದುಗ್ರ’ ಅಂತಲೇ ಬರೆದಳು. ಬಾಯಲ್ಲಿ ಒಮ್ಮೆಯೂ ತಪ್ಪು ಹೇಳಿದವಳಲ್ಲ.

ಕನ್ನಡ ಓದಲು ಕಲಿಯುವುದು ಯಾವ ಮಗುವಿಗೂ ನಿಧಾನದ ಕೆಲಸವೇ. ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡದ ಮಕ್ಕಳನ್ನೇ ಕುರಿತದ್ದು. ಅಕ್ಷರಗಳನ್ನೆಲ್ಲ ಹಿಡಿತಕ್ಕೆ ತಂದುಕೊಳ್ಳುವ ಕೆಲಸ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಹಬ್ಬುತ್ತದೆ ಅಂತ ಅದರಿಂದ ತಿಳಿಯುತ್ತದೆ. ಹಾಗಾಗಿ ಒಂದನೇ ಕ್ಲಾಸಿನ ಮಗು ಮ, ವ ಅದಲುಬದಲು ಮಾಡಿದರೆ ಗಾಬರಿ ಬೇಡ. ಮೂರನೇ ಕ್ಲಾಸಿಗೆ ಬಂದರೂ ಕಾಗುಣಿತದಲ್ಲೇ ಎಡವುತ್ತಿದ್ದರೆ, ಒಂದೊಂದು ಅಕ್ಷರವನ್ನೂ ಹೆಕ್ಕಿ ಹೆಕ್ಕಿ ಓದುತ್ತಿದ್ದರೆ, ಕಥೆ ಕೇಳಿದರೆ ಮಾತ್ರ ಸೊಗಸಾಗಿ ಹೇಳುತ್ತಿದ್ದರೆ, ಆಗ ತಡ ಮಾಡಬೇಡಿ.

ಪರೀಕ್ಷೆ ಎಲ್ಲಿ ಮಾಡಿಸುವುದು

ಎಲ್ಲಕ್ಕಿಂತ ಮೊದಲು ಕಣ್ಣು, ಕಿವಿ ತೋರಿಸಿ. ಇದನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ.

ಆಮೇಲೆ ನಾಲ್ಕು ದಾರಿ ಇವೆ. ಒಂದು, ಸರ್ಕಾರಿ ದಾರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ, ಅದರ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ. ಸರ್ಕಾರಿ ಶಾಲೆಗೆ ಬರುವ ಆರೋಗ್ಯ ತಪಾಸಣೆ ತಂಡದ ಹತ್ತಿರ ಶಿಕ್ಷಕರ ಮೂಲಕ ಮಗುವಿನ ಹೆಸರು ಹೇಳಿಸಬಹುದು, ಇಲ್ಲವೇ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ದಾವಣಗೆರೆಯಲ್ಲಿ ಅದು ಚಿಗಟೇರಿ ಆಸ್ಪತ್ರೆ. ಖರ್ಚಿಲ್ಲ, ಕಾಯುವುದು ಇರುತ್ತದೆ. ಮುಂದೆ ಅಂಗವಿಕಲತೆಯ ಸರ್ಟಿಫಿಕೇಟ್‌ಗೂ ಇದೇ ಬಾಗಿಲು ತಟ್ಟಬೇಕು. ಹಾಗಾಗಿ ಇಲ್ಲಿ ಮೊದಲೇ ಒಂದು ಫೈಲ್ ತೆರೆದಿದ್ದರೆ ಒಳ್ಳೆಯದು.

ಎರಡು, ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ಸಂಯುಕ್ತ ಪ್ರಾದೇಶಿಕ ಕೇಂದ್ರ. ಅಂಗವಿಕಲರ ಪುನರ್ವಸತಿಗೇ ಮೀಸಲಾದ ಜಾಗ. ಪರೀಕ್ಷೆ ಮಾಡುವವರೂ ಕಲಿಸುವವರೂ ಒಂದೇ ಸೂರಿನಡಿ ಸಿಗುವುದು ಇಂಥ ಕೇಂದ್ರದ ದೊಡ್ಡ ಅನುಕೂಲ. ಇಷ್ಟು ದೊಡ್ಡ ಸೌಲಭ್ಯ ಊರಲ್ಲೇ ಇದ್ದರೂ ಎಷ್ಟೋ ಪೋಷಕರಿಗೆ ಗೊತ್ತೇ ಇರುವುದಿಲ್ಲ ಅನ್ನುವುದು ನನಗೆ ನಿಜವಾಗಿ ಬೇಸರದ ವಿಷಯ. ಜಗಳೂರು, ಹೊನ್ನಾಳಿ, ಹೊಳಲ್ಕೆರೆ ಕಡೆಯವರಿಗಂತೂ ಬೆಂಗಳೂರಿಗೆ ಹೋಗುವ ಮೊದಲು ಇಲ್ಲಿ ಕೇಳಿ ಅಂತಲೇ ಹೇಳುತ್ತೇನೆ.

ಮೂರು, ಖಾಸಗಿ ಕ್ಲಿನಿಕಲ್ ಸೈಕಾಲಜಿಸ್ಟ್. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ, ಮಗುವಿನ ಜೊತೆ ಸಮಾಧಾನವಾಗಿ ಕೂರುತ್ತಾರೆ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಆಗಿದ್ದಾರಾ ಅಂತ ಕೇಳಿ. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ವರದಿಯ ಮೇಲೆ ಹೇಗೂ ಅದು ಇರಬೇಕು.

ನಾಲ್ಕು, ಬೆಂಗಳೂರಿನ ನಿಮ್ಹಾನ್ಸ್. ಇಲ್ಲಿಂದ ಸುಮಾರು 260 ಕಿಲೋಮೀಟರ್. ಕಲಿಕಾ ನ್ಯೂನತೆ ಗುರುತಿಸಲು ದೇಶದ ಬೇರೆ ಕಡೆಗಳಲ್ಲೂ ಬಳಸುವ ಪರೀಕ್ಷೆ ಸಿದ್ಧವಾದದ್ದು ಅಲ್ಲಿಯೇ. ಅದರಲ್ಲಿ ಎರಡು ಹಂತ: 5ರಿಂದ 7 ವರ್ಷದವರಿಗೆ ಒಂದು, 8ರಿಂದ 12 ವರ್ಷದವರಿಗೆ ಇನ್ನೊಂದು. ಆದರೆ ಅದೇ ಪರೀಕ್ಷೆಯನ್ನು ತರಬೇತಿ ಪಡೆದವರು ಇಲ್ಲೂ ಮಾಡಬಲ್ಲರು. ಓದಿನ ತೊಂದರೆಯ ಜೊತೆ ಗಮನ ನಿಲ್ಲದಿರುವುದು, ಶಾಲೆಗೆ ಹೋಗಲು ವಿಪರೀತ ಭಯ, ಅಥವಾ ಇಬ್ಬರು ತಜ್ಞರು ಎರಡು ಥರ ಹೇಳಿರುವುದು, ಹೀಗೇನಾದರೂ ಇದ್ದರೆ ನಿಮ್ಹಾನ್ಸ್‌ಗೆ ಹೋಗುವುದು ಸರಿ. ಇಲ್ಲದಿದ್ದರೆ ಆ ಓಡಾಟದ ಶಕ್ತಿಯನ್ನು ಕಲಿಸುವುದಕ್ಕೆ ಉಳಿಸಿಕೊಳ್ಳಿ.

ಎಲ್ಲೇ ಮಾಡಿಸಿದರೂ ಎರಡು ವಿಷಯ ಕೇಳಿ. ಓದಿನ ಪರೀಕ್ಷೆ ಕನ್ನಡದಲ್ಲೂ ಮಾಡುತ್ತೀರಾ? ಮಗು ಯಾವ ಕ್ಲಾಸಿನ ಮಟ್ಟಕ್ಕೆ ಓದುತ್ತಿದೆ, ಯಾವ ಅಕ್ಷರರೂಪದಲ್ಲಿ ನಿಲ್ಲುತ್ತಿದೆ ಅಂತ ವರದಿಯಲ್ಲಿ ಬರೆಯುತ್ತೀರಾ? ‘ಡಿಸ್ಲೆಕ್ಸಿಯಾ ಇದೆ’ ಅನ್ನುವ ಒಂದು ಸಾಲಿನ ವರದಿ ಹಿಡಿದು ಹೋದರೆ ಕಲಿಸುವವರಿಗೆ ಏನೂ ತಿಳಿಯುವುದಿಲ್ಲ. ಮನೆಯಲ್ಲಿ ಉರ್ದು, ತೆಲುಗು ಅಥವಾ ಲಂಬಾಣಿ ಮಾತಾಡುವವರು ಅದನ್ನು ಮೊದಲೇ ಹೇಳಿಬಿಡಿ. ತಾಂಡಾದಿಂದ ಬಂದ ಮಗುವಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ. ಭಾಷೆ ಹೊಸದು ಅನ್ನುವುದನ್ನೂ ಡಿಸ್ಲೆಕ್ಸಿಯಾವನ್ನೂ ಬೇರೆ ಮಾಡಿ ನೋಡಬೇಕಾಗುತ್ತದೆ.

ಕಲಿಸುವವರು ಯಾರು

ಇಡೀ ವಿಷಯದಲ್ಲಿ ನಿಮ್ಮ ಹೆಚ್ಚಿನ ಯೋಚನೆ ಇಲ್ಲಿಗೆ ಹೋಗಲಿ. ಪರೀಕ್ಷೆ ಒಮ್ಮೆ ಮುಗಿಯುತ್ತದೆ, ಕಲಿಸುವುದು ವರ್ಷಗಟ್ಟಲೆ ನಡೆಯಬೇಕು.

ಸಾಮಾನ್ಯ ಟ್ಯೂಷನ್: ಸಂಜೆ ಐದಕ್ಕೆ ಹತ್ತು ಹದಿನೈದು ಮಕ್ಕಳು, ಬೇರೆ ಬೇರೆ ಕ್ಲಾಸಿನವರು. ಮಿಸ್ ಹೋಂವರ್ಕ್ ಮಾಡಿಸುತ್ತಾರೆ, ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಾರೆ. ಡಿಸ್ಲೆಕ್ಸಿಯಾ ಇರುವ ಎಷ್ಟೋ ಮಕ್ಕಳ ನೆನಪು ಚೆನ್ನಾಗಿರುತ್ತದೆ. ಕೇಳಿಸಿಕೊಂಡು ಕಲಿತು ಯೂನಿಟ್ ಟೆಸ್ಟ್‌ನಲ್ಲಿ ಅಷ್ಟೋ ಇಷ್ಟೋ ಮಾರ್ಕ್ಸ್ ತಂದುಬಿಡುತ್ತಾರೆ. ಮನೆಯವರಿಗೆ ಸಮಾಧಾನ. ನನ್ನ ಭಯ ಇರುವುದು ಇಲ್ಲೇ. ಮಾರ್ಕ್ಸ್ ಬಂದಾಗ ಓದು ಬಂದಿಲ್ಲ ಅನ್ನುವುದು ಮುಚ್ಚಿಹೋಗುತ್ತದೆ. ಐದನೇ ಕ್ಲಾಸಿನವರೆಗೆ ಹೇಗೋ ನಡೆಯುತ್ತದೆ. ಆಮೇಲೆ ಪಾಠ ಉದ್ದವಾಗುತ್ತದೆ, ಪ್ರಶ್ನೆ ತಿರುಗಿಸಿ ಕೇಳುತ್ತಾರೆ, ಬಾಯಿಪಾಠ ಕೈಕೊಡುತ್ತದೆ.

ನಿಮ್ಮ ಮಗುವಿನ ಟ್ಯೂಷನ್ ಏನು ಮಾಡುತ್ತಿದೆ ಅಂತ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಿಂದಿನ ವರ್ಷದ ಕನ್ನಡ ಪುಸ್ತಕದಲ್ಲಿ ಕ್ಲಾಸಿನಲ್ಲಿ ಮಾಡದೇ ಬಿಟ್ಟ ಪಾಠವೊಂದನ್ನು ತೆಗೆಯಿರಿ. ಚಿತ್ರ ಮುಚ್ಚಿ ನಾಲ್ಕು ಸಾಲು ಓದಿಸಿ. ಮಗು ಓದಿದರೆ ಟ್ಯೂಷನ್ ಮುಂದುವರಿಸಿ. ಊಹಿಸಿ ಹೇಳುತ್ತಿದ್ದರೆ, ಮೊದಲ ಅಕ್ಷರ ನೋಡಿ ಬೇರೆ ಪದ ಹೇಳುತ್ತಿದ್ದರೆ, ಅಲ್ಲಿ ಓದು ಕಲಿಸುವ ಕೆಲಸ ನಡೆಯುತ್ತಿಲ್ಲ. ಹಾಗಂತ ಟ್ಯೂಷನ್ ಬಿಡಿಸಲೇಬೇಕು ಅಂತಲ್ಲ. ಗಣಿತ, ವಿಜ್ಞಾನವನ್ನು ಬಾಯಲ್ಲಿ ವಿವರಿಸಿ ಹೇಳುವ ಒಳ್ಳೆ ಮಿಸ್ ಸಿಕ್ಕಿದ್ದರೆ ಬಿಡಬೇಡಿ. ಪಾಠ ಮುಗಿಸುವ ಕೆಲಸ ಅವರಿಗಿರಲಿ, ಓದು ಕಲಿಸುವ ಕೆಲಸಕ್ಕೆ ಬೇರೆ ವ್ಯವಸ್ಥೆ ಮಾಡಿ.

ಸ್ಪೆಷಲ್ ಎಜುಕೇಟರ್: ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಶಿಕ್ಷಕರು. ಇವರ ಕೆಲಸವೇ ಓದು ಕಲಿಸುವುದು. ಆದರೆ ಮೊದಲ ತಿಂಗಳು ಪೋಷಕರಿಗೆ ತಡೆದುಕೊಳ್ಳುವುದು ಕಷ್ಟ. ಐದನೇ ಕ್ಲಾಸಿನ ಮಗನಿಗೆ ‘ಸರ’, ‘ಅರಸ’ ಅಂತ ಓದಿಸುತ್ತಾರಲ್ಲ, ಇದಕ್ಕೆ ಫೀಸು ಬೇರೆ ಕೊಡಬೇಕಾ ಅನ್ನಿಸುತ್ತದೆ. ಅದೇ ಸರಿಯಾದ ಲಕ್ಷಣ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡುತ್ತಾರೆ, ಕ್ಲಾಸು ಯಾವುದು ಅನ್ನುವುದನ್ನು ಪಕ್ಕಕ್ಕಿಡುತ್ತಾರೆ. ಒಂದು ಹೆಜ್ಜೆ ಗಟ್ಟಿಯಾದ ಮೇಲೆ ಮುಂದಿನದು. ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಯಲ್ಲೂ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಅಂತ ಸಣ್ಣ ಗುಂಪಿನಿಂದ ಶುರುವಾಗುತ್ತದೆ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಗರಗಸ ಎಲ್ಲ ಓದಬಹುದು. 49 ಅಕ್ಷರ ಬಾಯಿಪಾಠ ಮಾಡಿ ಒಂದು ಪದವೂ ಓದಲಾಗದೆ ಕೂತ ಮಗುವಿಗೆ, ಐದು ಅಕ್ಷರದಲ್ಲಿ ‘ಗರಗಸ’ ಓದಿದ ದಿನ ಮುಖ ಅರಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಪ್ಪಿಕೊಳ್ಳುವ ಮೊದಲು ಅವರ ಹತ್ತಿರ ಕೂತು ಮಾತಾಡಿ. ಆರ್‌ಸಿಐ ನೋಂದಣಿ ಇದೆಯಾ? ಕನ್ನಡ ಓದನ್ನು ಯಾವ ಕ್ರಮದಲ್ಲಿ ಕಲಿಸುತ್ತೀರಿ, ಒತ್ತಕ್ಷರ ಯಾವಾಗ? ನಾನು ಮನೆಯಲ್ಲಿ ಏನು ಮಾಡಬೇಕು? ಮೂರು ತಿಂಗಳಾದ ಮೇಲೆ ಪ್ರಗತಿ ಹೇಗೆ ತೋರಿಸುತ್ತೀರಿ? ಕೆಲವರು ಆರ್ಟನ್-ಗಿಲ್ಲಿಂಗ್‌ಹ್ಯಾಮ್ ವಿಧಾನ ಅನ್ನುತ್ತಾರೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ನೋಡಿ, ಕೇಳಿ, ಮುಟ್ಟಿ, ಹೆಜ್ಜೆ ಹೆಜ್ಜೆಯಾಗಿ ಕಲಿಸುವ ಪದ್ಧತಿ. ಒಳ್ಳೆಯದೇ. ಆದರೆ ಅದು ಇಂಗ್ಲಿಷಿಗೆ ಅಂತ ಮಾಡಿದ್ದು. ಕನ್ನಡದ ಕಾಗುಣಿತಕ್ಕೆ ಅದನ್ನು ಹೇಗೆ ಹೊಂದಿಸಿದ್ದಾರೆ ಅಂತ ಕೇಳಿ. ಉತ್ತರದಲ್ಲೇ ಅವರ ಅನುಭವ ಗೊತ್ತಾಗುತ್ತದೆ.

ವಾರಕ್ಕೊಂದು ಕ್ಲಾಸು ಸಾಲದು. ಎರಡು ಮೂರು ಬೇಕು, ಉಳಿದ ದಿನ ಮನೆಯಲ್ಲಿ ಅಭ್ಯಾಸ ಬೇಕು. ‘ಆರು ತಿಂಗಳಲ್ಲಿ ಗುಣ ಮಾಡಿಕೊಡುತ್ತೇವೆ’ ಅಂದವರ ಮಾತು ಕೇಳಿ ಸುಮ್ನೆ ಎದ್ದು ಬನ್ನಿ. ಡಿಸ್ಲೆಕ್ಸಿಯಾ ವಾಸಿಯಾಗುವ ಕಾಯಿಲೆ ಅಲ್ಲ. ಓದು ಬರುತ್ತದೆ, ನಿಧಾನವಾಗಿ ಬರುತ್ತದೆ.

ಆನ್‌ಲೈನ್ ಕ್ಲಾಸು: ಮೊಳಕಾಲ್ಮುರಿನಿಂದಲೋ ಜಗಳೂರಿನ ಹಳ್ಳಿಯಿಂದಲೋ ವಾರಕ್ಕೆ ಮೂರು ಸಲ ಊರಿಗೆ ಬರಬೇಕು ಅಂದರೆ ದಿನದ ಕೂಲಿಯೇ ಹೋಗುತ್ತದೆ. ಅಂಥವರಿಗೆ ಇದು ವರದಾನ. ಆದರೆ ಚಿಕ್ಕ ಮಗುವಾದರೆ ಪಕ್ಕದಲ್ಲಿ ದೊಡ್ಡವರು ಕೂರಲೇಬೇಕು. ಮಗು ಪೆನ್ಸಿಲ್ ಹಿಡಿದು ಅಕ್ಷರವನ್ನು ಯಾವ ಕಡೆಯಿಂದ ಎಳೆಯುತ್ತಿದೆ ಅನ್ನುವುದು ಕ್ಯಾಮೆರಾದಲ್ಲಿ ಮಿಸ್‌ಗೆ ಕಾಣುವುದಿಲ್ಲ. ಒಬ್ಬರಿಗೆ ಒಬ್ಬರು ಅನ್ನುವ ಕ್ಲಾಸೇ ತೆಗೆದುಕೊಳ್ಳಿ, ಗುಂಪಿನ ಕ್ಲಾಸು ಬೇಡ.

ಮನೆಯಲ್ಲಿ ನೀವೇ: ಮೇಲಿನ ಯಾವುದನ್ನು ಆರಿಸಿದರೂ ಇದು ತಪ್ಪುವುದಿಲ್ಲ. ದಿನಕ್ಕೆ 15-20 ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ.

ಮೊದಲು ಬಾಯಲ್ಲಿ ಆಟ, ಪುಸ್ತಕ ಬೇಡ. ‘ಮಂಡಕ್ಕಿ’ಯಲ್ಲಿ ಎಷ್ಟು ತುಂಡು? ಮಂ, ಡ, ಕ್ಕಿ, ಒಂದೊಂದಕ್ಕೂ ಒಂದು ಚಪ್ಪಾಳೆ. ‘ಮಂ’ ತೆಗೆದು ‘ಬಂ’ ಇಟ್ಟರೆ ಏನಾಗುತ್ತದೆ? ಅರ್ಥವಿಲ್ಲದ ಪದ ಬಂದರೆ ಇನ್ನೂ ಒಳ್ಳೆಯದು, ಮಕ್ಕಳು ನಗುತ್ತಾರೆ. ಸದ್ದು ಒಡೆಯುವ ಈ ಕೆಲಸಕ್ಕೆ ಓದು ಬರಹ ಗೊತ್ತಿರಬೇಕು ಅಂತಿಲ್ಲ. ಶಾಲೆಗೆ ಹೋಗದ ಅಜ್ಜಿಯೂ ರೊಟ್ಟಿ ತಟ್ಟುತ್ತಾ ಆಡಿಸಬಹುದು. ಆಮೇಲೆ ಎರಡೋ ಮೂರೋ ಅಕ್ಷರ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ, ಬೆರಳಿನಿಂದ ಬರೆಯುತ್ತಾ ಸದ್ದನ್ನು ಗಟ್ಟಿಯಾಗಿ ಹೇಳಿಸಿ. ಹಿಂದೆ ಮರಳಿನ ಮೇಲೆ ತಿದ್ದಿಸುತ್ತಿದ್ದರಲ್ಲ, ಅದೇ. ಮ ಮತ್ತು ವ, ಬ ಮತ್ತು ಭ, ದ ಮತ್ತು ಧ, ಹೀಗೆ ಗೊಂದಲ ಆಗುವ ಜೋಡಿಯನ್ನು ಒಟ್ಟಿಗೆ ಕಲಿಸಬೇಡಿ. ಒಂದು ಪೂರ್ತಿ ಗಟ್ಟಿಯಾಗಿ ಕೆಲವು ವಾರ ಆದ ಮೇಲೆ ಇನ್ನೊಂದು ತನ್ನಿ.

ಓದುವಾಗ ಮಗು ‘ಮರ’ವನ್ನು ‘ವರ’ ಅಂದರೆ ತಕ್ಷಣ ತಿದ್ದಬೇಡಿ. ವಾಕ್ಯ ಮುಗಿಯಲಿ. ‘ವರದ ಮೇಲೆ ಹಕ್ಕಿ ಕೂತಿದೆ ಅಂದೆ, ಸರಿ ಅನ್ನಿಸ್ತಾ?’ ಅಂತ ಕೇಳಿ. ತಾನೇ ವಾಪಸ್ಸು ಹೋಗಿ ನೋಡುತ್ತದೆ.

ಈ 20 ನಿಮಿಷಕ್ಕೆ ಪಾಠ ತರಬೇಡಿ. ಪಾಠವನ್ನು ನೀವು ಓದಿ ಹೇಳಿ, ಮಗು ಕೇಳಲಿ. ಓದಲು ಬರುವುದಿಲ್ಲ ಅಂತ ವಿಜ್ಞಾನ, ಸಮಾಜ ಯಾಕೆ ತಪ್ಪಿಹೋಗಬೇಕು, ಅಲ್ವಾ? ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ವಿಡಿಯೊಗಳು ಸಿಗುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳಿಸಬಹುದು. ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತ, ಮಟ್ಟ ನೋಡಿ ಆರಿಸಬಹುದು.

ಮನೆಪಾಠದ ದೊಡ್ಡ ತೊಡಕು ನಮ್ಮ ಸಿಟ್ಟು. ಸಂಜೆ ಕೆಲಸದಿಂದ ಬಂದು, ನಿನ್ನೆ ಬಂದ ಅಕ್ಷರ ಇವತ್ತು ಮರೆತಿದೆ ಅಂದರೆ ಧ್ವನಿ ಏರುತ್ತದೆ. ನಿನ್ನೆ ಬಂದದ್ದು ಇವತ್ತು ಬಾರದಿರುವುದೇ ಈ ತೊಂದರೆಯ ಸ್ವಭಾವ, ಮಗು ಬೇಕಂತ ಮಾಡುವುದಲ್ಲ. ನಿಮಗೆ ತಾಳ್ಮೆ ಕಡಿಮೆ ಅಂತ ಗೊತ್ತಿದ್ದರೆ ಆ 20 ನಿಮಿಷವನ್ನು ದೊಡ್ಡ ಮಗಳಿಗೋ ಚಿಕ್ಕಪ್ಪನಿಗೋ ಬಿಟ್ಟುಕೊಡಿ. ನಮ್ಮ ಮನೆಯಲ್ಲಿ ಚೆನ್ನಾಗಿ ಓದಿಸುವುದು ಅವಳ ಸೋದರತ್ತೆ.

ಶಾಲೆ ಬದಲಿಸುವುದಾ, ಮೀಡಿಯಂ ಬದಲಿಸುವುದಾ

ನಮ್ಮಲ್ಲಿ ಇಂಗ್ಲಿಷ್ ಮೀಡಿಯಂ ಮಗುವಿನ ಬೆನ್ನ ಮೇಲೆ ಇಂಗ್ಲಿಷ್, ಕನ್ನಡ, ಹಿಂದಿ ಮೂರು ಲಿಪಿಗಳು ಇರುತ್ತವೆ. ಡಿಸ್ಲೆಕ್ಸಿಯಾ ಮೂರರಲ್ಲೂ ಕಾಡುತ್ತದೆ, ಆದರೆ ಒಂದೇ ರೀತಿ ಅಲ್ಲ. ಇಂಗ್ಲಿಷಿನಲ್ಲಿ ಅಕ್ಷರ ಕಡಿಮೆ, ಆದರೆ ಒಂದೇ ಅಕ್ಷರಕ್ಕೆ ಹಲವು ಸದ್ದು. ಕನ್ನಡದಲ್ಲಿ ರೂಪಗಳು ಜಾಸ್ತಿ, ಆದರೆ ಒಂದು ರೂಪ ಕಲಿತರೆ ಅದು ಬಹುಪಾಲು ಒಂದೇ ಸದ್ದು ಹೇಳುತ್ತದೆ. ಅದಕ್ಕೇ ಕನ್ನಡದಲ್ಲಿ ಈ ಮಕ್ಕಳು ತಪ್ಪು ಓದುವುದಕ್ಕಿಂತ ನಿಧಾನ ಓದುವುದು ಹೆಚ್ಚು.

ಮನೆಮಾತು ಕನ್ನಡವಾದರೆ ಓದು ಕಲಿಸುವುದು ಕನ್ನಡದಲ್ಲೇ ಮೊದಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪದ ಓದಿದ ತಕ್ಷಣ ಅರ್ಥ ಹೊಳೆಯಬೇಕು. ಆ ಬಹುಮಾನ ಇಲ್ಲದೆ ಮಗು ಎಷ್ಟು ದಿನ ಪ್ರಯತ್ನ ಪಡುತ್ತದೆ? ಆದರೆ ಇದಕ್ಕಾಗಿ ಮೀಡಿಯಂ ಬದಲಿಸಲೇಬೇಕಾ ಅನ್ನುವುದು ಬೇರೆ ಪ್ರಶ್ನೆ. ಎರಡು ಮೂರನೇ ಕ್ಲಾಸಿನಲ್ಲಿದ್ದು, ಮಗುವಿಗೆ ಇಂಗ್ಲಿಷ್ ಮಾತೇ ಅರ್ಥವಾಗದಿದ್ದರೆ ಕನ್ನಡ ಮಾಧ್ಯಮಕ್ಕೆ ಬದಲಿಸುವುದರಿಂದ ಭಾರ ನಿಜವಾಗಿ ಇಳಿಯುತ್ತದೆ. ಆರು ಏಳನೇ ಕ್ಲಾಸಿಗೆ ಬಂದಿದ್ದು, ಪಾಠ ಓದಿ ಹೇಳಿದರೆ ಇಂಗ್ಲಿಷಿನಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದರೆ ಅಲ್ಲೇ ಇರಲಿ. ಆಗ ಬದಲಿಸಿದರೆ ವಿಜ್ಞಾನ, ಗಣಿತದ ಪದಗಳನ್ನೆಲ್ಲ ಹೊಸದಾಗಿ ಕಲಿಯಬೇಕಾಗುತ್ತದೆ.

ಸರ್ಕಾರಿ ಶಾಲೆ ಅಂದರೆ ಕೆಲವರಿಗೆ ಹಿಂಜರಿಕೆ. ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಅವರು ಒಂದಿಡೀ ತಾಲ್ಲೂಕು ನೋಡಬೇಕು, ದಿನಾ ಬರಲಾಗುವುದಿಲ್ಲ. ಆದರೂ ಹೆಡ್ ಮಾಸ್ಟರ್ ಮೂಲಕ ಕೇಳಿದರೆ ಮಾರ್ಗದರ್ಶನ ಸಿಗುತ್ತದೆ. ಸಿಬಿಎಸ್‌ಇ ಶಾಲೆಗಳಲ್ಲಿ ಸ್ಪೆಷಲ್ ಎಜುಕೇಟರ್ ಇರಬೇಕು ಅನ್ನುವುದು ಬೋರ್ಡಿನದೇ ನಿಯಮ. ಅಡ್ಮಿಷನ್‌ಗೆ ಹೋದಾಗ ಅವರನ್ನು ಭೇಟಿ ಮಾಡಿಸಿ ಅಂತ ಕೇಳಿ. ಹೆಸರು ಮಾತ್ರ ಹೇಳಿ, ‘ಇವತ್ತು ರಜೆ’ ಅಂದರೆ ಇನ್ನೊಂದು ದಿನ ಹೋಗಿ ನೋಡಿ.

ಯಾವ ಶಾಲೆಯಾದರೂ ಕಟ್ಟಡ, ಬಸ್ಸು, ಸ್ಮಾರ್ಟ್ ಬೋರ್ಡ್ ನೋಡುವ ಬದಲು ಕ್ಲಾಸ್ ಟೀಚರ್ ಹತ್ತಿರ ಇಷ್ಟು ಕೇಳಿ: ನನ್ನ ಮಗುವನ್ನು ಹೇಳದೇ ಕೇಳದೇ ಎದ್ದು ನಿಲ್ಲಿಸಿ ಓದಿಸುವುದಿಲ್ಲ ತಾನೇ? ಬೋರ್ಡಿನಿಂದ ಬರೆದುಕೊಳ್ಳಲು ಸಮಯ ಕೊಡುತ್ತೀರಾ? ಉತ್ತರ ಬಾಯಲ್ಲಿ ಹೇಳಿದರೆ ಒಪ್ಪುತ್ತೀರಾ? ‘ಎಲ್ಲರಿಗೂ ಒಂದೇ ರೂಲ್ಸು’ ಅನ್ನುವ ದೊಡ್ಡ ಶಾಲೆಗಿಂತ, ‘ಹೇಗೆ ಮಾಡಬೇಕು ಹೇಳಿ, ಮಾಡೋಣ’ ಅನ್ನುವ ಚಿಕ್ಕ ಶಾಲೆ ಮೇಲು. ಮಗಳು ಓದಲು ಎದ್ದು ನಿಂತು ಬೆವರುತ್ತಿದ್ದ ಒಂದು ಶಾಲೆಯನ್ನು ನಾವು ಇದೇ ಕಾರಣಕ್ಕೆ ಬಿಟ್ಟೆವು. ಹೊಡೆಯುವುದು, ಅವಮಾನ ಮಾಡುವುದು ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ ಅನ್ನುವುದು ನೆನಪಿರಲಿ.

ಎನ್‌ಐಒಎಸ್ ಅನ್ನುವ ಕೇಂದ್ರದ ಮುಕ್ತ ಶಾಲೆಯಲ್ಲಿ ದಿನಾ ಶಾಲೆಗೆ ಹೋಗದೆ ಓದಬಹುದು, ವಿಷಯಗಳನ್ನು ಆರಿಸಿಕೊಳ್ಳಬಹುದು, ಹತ್ತನೇ ಕ್ಲಾಸನ್ನು ಒಂದೇ ಭಾಷೆ ಇಟ್ಟುಕೊಂಡೂ ಮುಗಿಸಬಹುದು. ಎಂಟು ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ತೀರಾ ಉಸಿರುಗಟ್ಟಿಸಿದರೆ ಇದು ಒಳ್ಳೆಯ ದಾರಿ. ಚಿಕ್ಕ ಮಕ್ಕಳಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಗೆಳೆಯರು, ಆಟ, ಶಾಲೆಯ ದಿನಚರಿ ಬೇಕು.

ದುಡ್ಡು ಹಾಕಬಾರದ ಕಡೆ

ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಇದನ್ನು ಗುಣಪಡಿಸುವ ಔಷಧಿ ಯಾವುದೂ ಇಲ್ಲ, ನೆನಪಿನ ಟಾನಿಕ್ ಕೂಡ ಅಲ್ಲ. ಮಿಡ್‌ಬ್ರೈನ್ ಆಕ್ಟಿವೇಷನ್, ಅಂದರೆ ಮೆದುಳನ್ನು ಚುರುಕು ಮಾಡುತ್ತೇವೆ ಅನ್ನುವ ಕ್ಲಾಸುಗಳ ಹತ್ತಿರವೂ ಹೋಗಬೇಡಿ. ಕೈಬರಹದ ಕ್ಲಾಸಿನಿಂದ ಅಕ್ಷರ ದುಂಡಗಾಗಬಹುದು, ಓದು ಬರುವುದಿಲ್ಲ.

ಸರ್ಟಿಫಿಕೇಟ್ ಬೇಕಾ, ಬೇಡವಾ

‘ಅಂಗವಿಕಲ ಅಂತ ಸೀಲು ಬೀಳುತ್ತದೆ, ನಾಳೆ ಮದುವೆಗೆ ತೊಂದರೆ’ ಅನ್ನುವ ಮಾತು ಹೆಣ್ಣುಮಕ್ಕಳ ಮನೆಗಳಲ್ಲಿ ತುಂಬಾ ಕೇಳುತ್ತದೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಮಾಡಿಸಿ ಅಂತಲೇ ನನ್ನ ಸಲಹೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ, ಡಿಸ್ಲೆಕ್ಸಿಯಾವೂ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಮಕ್ಕಳಲ್ಲಿ ಈ ನ್ಯೂನತೆಯನ್ನು ಬೇಗ ಗುರುತಿಸಿ ಅದಕ್ಕೆ ತಕ್ಕಂತೆ ಕಲಿಸಬೇಕು ಅಂತ ಅದರ 16ನೇ ಕಲಂ ಶಾಲೆಗಳಿಗೇ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ 17ನೇ ಕಲಮಿನಲ್ಲಿವೆ. ಪರೀಕ್ಷೆಗಳ ಬಗ್ಗೆ ಕೇಂದ್ರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಅಂತಿದೆ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ನಿಧಾನ ಓದುವ ಮಗುವಿಗೆ ಆ ಒಂದು ಗಂಟೆ ಎಂಥದ್ದು ಅಂತ ಬೇರೆ ಹೇಳಬೇಕಿಲ್ಲ.

ಕಲಿಸುವುದಕ್ಕೆ ಸರ್ಟಿಫಿಕೇಟ್ ಬರಲಿ ಅಂತ ಕಾಯಬೇಡಿ. ಆರು ವರ್ಷದ ಮಗುವಿಗೂ ಇವತ್ತೇ ಸಹಾಯ ಶುರು ಮಾಡಬಹುದು. ಸರ್ಟಿಫಿಕೇಟ್ 8 ವರ್ಷದಿಂದ ಅಂತ ಸರ್ಟಿಫಿಕೇಟ್ ಬಗೆಗಿನ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮಗು ದೊಡ್ಡದಾದಂತೆ ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತದೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿ, ಕರೆದ ದಿನ ವರದಿಗಳ ಜೊತೆ ಆಸ್ಪತ್ರೆಯ ಮೆಡಿಕಲ್ ಬೋರ್ಡಿನ ಮುಂದೆ ಹೋಗಬೇಕು. ಮಗು ತಿಂಡಿ ತಿಂದು, ನಿದ್ದೆ ಮಾಡಿ ಬಂದಿರಲಿ. ದಿನವಿಡೀ ಹಿಡಿಯಬಹುದು. ಪ್ರಮಾಣ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಸಲಾತಿಯಂಥ ಸೌಲಭ್ಯಗಳಿಗೂ ದಾರಿಯಾಗುತ್ತದೆ.

ಎಸ್ಸೆಸ್ಸೆಲ್ಸಿಗೆ ಬೇಕಾದ ಕಾಗದ ಒಂಬತ್ತನೇ ಕ್ಲಾಸಿನಲ್ಲೇ ಕೈಲಿರಲಿ. ಹತ್ತನೇ ಕ್ಲಾಸಿನ ಕೊನೆಯಲ್ಲಿ ಓಡಾಡಿದರೆ ಅನುಮತಿ ಸಮಯಕ್ಕೆ ಬಾರದೇ ಹೋಗಬಹುದು. ಹೆಡ್ ಮಾಸ್ಟರ್‌ಗೆ ಬರವಣಿಗೆಯಲ್ಲೇ ಕೊಡಿ. ಮಗುವಿನ ಹೆಸರು, ಸರ್ಟಿಫಿಕೇಟ್ ಸಂಖ್ಯೆ, ಯಾವ ಯಾವ ಸೌಲಭ್ಯ ಬೇಕು ಅನ್ನುವುದನ್ನು ಒಂದೊಂದಾಗಿ ಬರೆಯಿರಿ. ವರದಿಯ ಜೆರಾಕ್ಸ್ ಲಗತ್ತಿಸಿ, ಒರಿಜಿನಲ್ ಯಾರಿಗೂ ಕೊಡಬೇಡಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಂಡು ನಿಮ್ಮ ಫೈಲಿಗೆ ಸೇರಿಸಿ.